ಓನರಮ್ಮನ ಸೌಂಡ್ ಡಬ್ಬಿ

ಕಳೆದ ವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಪಕ್ಕದ ಮನೆಯ ತಾರಸಿಯಿಂದ ಆ ವಾಸನೆ ಬಂತು. ಅಕ್ಕಿ ಗಂಜಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು... ಯಾರೋ ಸಂಡಿಗೆ ಇಟ್ಟಿದ್ದರು. ನೀಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಲ್ಲಿ ಬಿಟ್ಟ ಬಿಳಿ ಬಿಳಿ ಬೊಟ್ಟುಗಳು, ಹಾಳೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಬಿಸಿಲು ಏರಿತು ಅಂದರೆ ವಿದ್ಯಾರಣ್ಯಪುರದ ಎಷ್ಟೋ ತಾರಸಿಗಳಲ್ಲಿ ಇದು ಕಾಣುವಂಥದ್ದೇ, ದೊಡ್ಡ ವಿಷಯವೇನಲ್ಲ. ನಾನು ಮಾತ್ರ ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೆ ಬಂದೆ. ಮಗಳು ಸ್ಕೂಲಿಗೆ ಹೋಗಿ ಒಂದು ಗಂಟೆಯಾಗಿತ್ತು. ಅದು ಗೊತ್ತಿದ್ದೂ ಮನೆಯಲ್ಲೆಲ್ಲ ಅವಳನ್ನು ಹುಡುಕಿದೆ. ಹುಚ್ಚು ಅಂದರೆ ಹುಚ್ಚು.

ನಾಲ್ಕೈದು ವರ್ಷದ ಹಿಂದೆ ನಾವು ಅಟ್ಟೂರಿನಲ್ಲಿ ಬಾಡಿಗೆಗಿದ್ದೆವು. ಮೇಲೆ ನಾವು, ಕೆಳಗೆ ಮನೆಯ ಯಜಮಾನಿ. ಇಡೀ ಬೀದಿ ಅವರನ್ನು ಓನರಮ್ಮ ಅಂತಲೇ ಕರೆಯುತ್ತಿತ್ತು. ನಾನು ಎದುರಿಗೆ ಅಮ್ಮಾ ಅನ್ನುತ್ತಿದ್ದೆ, ಹಿಂದಿನಿಂದ ನನಗೂ ಓನರಮ್ಮನೇ. ಲೇಔಟ್ ಆಗುವ ಮೊದಲು ಅಲ್ಲಿದ್ದ ರಾಗಿ ಹೊಲದಲ್ಲಿ ಒಂದು ಪಾಲು ಅವರ ಮನೆಯದಂತೆ. ಹಾಗಂತ ಜಂಬ ಒಂದು ಚೂರೂ ಇರಲಿಲ್ಲ. ನಾನು ಮೂರನೇ ದಿನಕ್ಕೇ ನೀರಿನ ಟ್ಯಾಂಕಿನ ವಿಷಯಕ್ಕೆ ಜಗಳ ತೆಗೆದಾಗ ಪೂರ್ತಿ ಕೇಳಿಸಿಕೊಂಡು, “ಬಿಡವ್ವ, ನಾಳಿಕ್ಕೆ ಸರಿ ಮಾಡಿಸ್ತೀನಿ, ಈಗ ಕಾಫಿ ಕುಡಿ” ಅಂದಿದ್ದರು. ಮಗ ಸೊಸೆ ಇಬ್ಬರೂ ಒಂಬತ್ತಕ್ಕೆಲ್ಲ ತಮ್ಮ ಹಾರ್ಡ್‌ವೇರ್ ಅಂಗಡಿಗೆ ಹೊರಟುಬಿಡುವರು. ನನ್ನ ಗಂಡನದು ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್. ಹೀಗಾಗಿ ಹಗಲೆಲ್ಲ ನಾನು, ಓನರಮ್ಮ, ಮತ್ತೆ ಮೂರೂವರೆ ವರ್ಷದ ನನ್ನ ಮಗಳು ಪುಟ್ಟಿ.

ಅವರಿಗೆ ಕಿವಿ ಮಂದ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಹೇಗೋ ಸುಧಾರಿಸುತ್ತಿದ್ದರು, ಫೋನಿನಲ್ಲಿ ಮಾತ್ರ ತೀರಾ ಕಿರುಚಿದರೆ ಒಂದೆರಡು ಮಾತು ಕೇಳುತ್ತಿತ್ತು, ಅಷ್ಟೇ. ಹುಣಸಮಾರನಹಳ್ಳಿಯಲ್ಲಿದ್ದ ಅವರ ತಂಗಿ ದಿನಾ ಬೆಳಿಗ್ಗೆ ಹತ್ತಕ್ಕೆ ಲ್ಯಾಂಡ್‌ಲೈನಿಗೆ ಫೋನ್ ಮಾಡುವರು. ಇಬ್ಬರೂ ಕಿರುಚಾಡಿಕೊಂಡು, ಯಾರಿಗೂ ಸರಿಯಾಗಿ ತಿಳಿಯದೆ, ಕೊನೆಗೆ ಓನರಮ್ಮ ಅಳುಮುಖ ಮಾಡಿಕೊಂಡು ಫೋನ್ ಇಡುವರು. ಇದನ್ನು ನೋಡಲಾಗದೆ ಮಗ ಎಲ್ಲಿಂದಲೋ ಒಂದು ಪುಟ್ಟ ಯಂತ್ರ ತರಿಸಿಕೊಟ್ಟ. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು, ಹಿಂದೆ ಇಲಾಸ್ಟಿಕ್ ಪಟ್ಟಿ. ಫೋನಿನ ರಿಸೀವರಿನಲ್ಲಿ ಕಿವಿಗಿಡುವ ತುದಿಗೆ ಅದನ್ನು ಸಿಕ್ಕಿಸಿದರೆ ಆ ಕಡೆಯವರ ದನಿ ದೊಡ್ಡದಾಗಿ ಕೇಳುತ್ತಿತ್ತು. ಪಕ್ಕದಲ್ಲಿ ದನಿ ಏರಿಸಿ ಇಳಿಸುವ ಒಂದು ಸಣ್ಣ ಗಾಲಿ, ಒಳಗೆ ಅಂಗಿಯ ಗುಂಡಿಯಂಥ ಎರಡು ಬ್ಯಾಟರಿ. ಯಂತ್ರಕ್ಕೆ ಅವರಿಟ್ಟ ಹೆಸರು ಸೌಂಡ್ ಡಬ್ಬಿ. ಆ ಬ್ಯಾಟರಿಗಳು ಅವರ ಬಾಯಲ್ಲಿ ಬಿಲ್ಲೆಗಳು.

ಡಬ್ಬಿಯ ಜೊತೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಮಡಿಸಿದ ಹಾಳೆ ಇತ್ತು. ಅದನ್ನು ಹಿಡಿದುಕೊಂಡು ಮೇಲೆ ಬಂದರು. “ನೀನು ಓದ್ದೋಳು, ಇದ್ರಾಗೆ ಏನ್ ಬರ್ದವ್ರೆ ಏಳವ್ವ” ಅಂದರು. ನಾನೂ ದೊಡ್ಡ ಪಂಡಿತಳ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಕಿವಿಗಿಡುವ ಮೊದಲು ಗಾಲಿಯನ್ನು ಪೂರ್ತಿ ಕಡಿಮೆ ಮಾಡಿರಬೇಕು, ಆಮೇಲೆ ನಿಧಾನಕ್ಕೆ ಏರಿಸಬೇಕು, ಇಲ್ಲದಿದ್ದರೆ ಇರುವ ಕಿವಿಯೂ ಹೋಗುತ್ತದೆ ಅಂದೆ. ಮಾತು ಮುಗಿದ ಮೇಲೆ ಆಫ್ ಮಾಡಿ, ನೀರು ತಾಕಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿ, ಹಳೇ ಬ್ಯಾಟರಿ ಹೊಸ ಬ್ಯಾಟರಿ ಒಟ್ಟಿಗೆ ಹಾಕಬೇಡಿ... ಒಂದೊಂದಕ್ಕೂ ಅವರು ತಲೆಯಾಡಿಸುತ್ತ, ಬೆರಳು ಮಡಚುತ್ತ ಹೋದರು. ಅಷ್ಟರಲ್ಲಿ ನನ್ನ ಕುಕ್ಕರ್ ಎರಡನೇ ಸಲ ಕೂಗಿತು. ಹಾಳೆಯ ಕೆಳಗೆ ಕಪ್ಪು ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ಇನ್ನೂ ನಾಲ್ಕು ಸಾಲು ಉಳಿದಿದ್ದವು. ಓನರಮ್ಮ ಅದರ ಮೇಲೇ ಬೆರಳಿಟ್ಟು ಕೇಳಿದರು.

“ಇಲ್ಲಿ ಕರ್ರಗೆ ಏನೋ ದಪ್ಪಕೆ ಬರ್ದವ್ರಲ್ಲ, ಅದೇನು?”

ನಾನು ಮನಸ್ಸಿನಲ್ಲೇ ಓದಿಕೊಂಡೆ. ಬ್ಯಾಟರಿ ಮಕ್ಕಳ ಕೈಗೆ ಸಿಗದಂತಿಡಿ, ನುಂಗಿದರೆ ಒಳಗೆ ಸುಟ್ಟು ಪ್ರಾಣಕ್ಕೆ ಅಪಾಯ, ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ಇತ್ತು. ಓದಿದ್ದು ನನಗೆ ಚೆನ್ನಾಗಿ ನೆನಪಿದೆ. “ಏನಿಲ್ಲ ಬಿಡಿ ಅಮ್ಮ, ಎಲ್ಲಾದ್ರ ಮೇಲೂ ಇದನ್ನ ಬರೀತಾರೆ” ಅಂದು ಹಾಳೆ ಮಡಿಸಿ ಕೊಟ್ಟು ಒಳಗೆ ಓಡಿದೆ. ಅನ್ನ ತಳ ಹಿಡಿಯುತ್ತದೆ ಅನ್ನುವುದು ಆ ಹೊತ್ತಿಗೆ ನನಗಿದ್ದ ದೊಡ್ಡ ಚಿಂತೆ.

ಸೌಂಡ್ ಡಬ್ಬಿ ಬಂದ ಮೇಲೆ ಅವರ ಬೆಳಗಿನ ಕಳೆಯೇ ಬೇರೆಯಾಯಿತು. ಒಂಬತ್ತೂವರೆಗೇ ತಲೆ ಬಾಚಿ, ಸೀರೆ ಸರಿಮಾಡಿಕೊಂಡು, ಯಾರೋ ಮನೆಗೇ ಬರುತ್ತಾರೇನೋ ಅನ್ನುವ ಹಾಗೆ ಫೋನಿನ ಪಕ್ಕ ಕೂರುವರು. ತಂಗಿಯ ಮನೆಯ ಹಸು ಕರು ಹಾಕಿದ್ದು, ಸೊಸೆ ಮುನಿಸಿಕೊಂಡದ್ದು, ಮೊಳಕೆ ಕಾಳಿನ ಸಾರು ಕೆಟ್ಟದ್ದು, ಎಲ್ಲ ಸುದ್ದಿಯೂ ಹತ್ತೂವರೆಗೆ ನನಗೆ ಬರುತ್ತಿತ್ತು. ಡಬ್ಬಿಯನ್ನು ಅವರು ಜೋಪಾನ ಮಾಡಿದಂತೆ ನಾನು ನನ್ನ ಒಡವೆಯನ್ನೂ ಮಾಡಿರಲಿಲ್ಲ. ನಾನು ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಗಾಲಿ ಇಳಿಸುವುದು, ಆಫ್ ಮಾಡುವುದು, ಒಣ ಬಟ್ಟೆಯಲ್ಲಿ ಒರೆಸುವುದು... ಹೇಳಿದ್ದನ್ನೆಲ್ಲ ಮಾಡುತ್ತಿದ್ದರು.

ಅವತ್ತು ಬೆಳಿಗ್ಗೆ ಬೇಗನೇ ನಮ್ಮ ಮನೆಯ ಮೇಲಿನ ತಾರಸಿಯಲ್ಲಿ ಸಂಡಿಗೆ ಇಟ್ಟಿದ್ದರು. ಪುಟ್ಟಿಗೆ ಒಂದು ಕೋಲು ಕೊಟ್ಟು ಕಾಗೆ ಓಡಿಸುವ ಕೆಲಸಕ್ಕೆ ನೇಮಿಸಿ, ತಾವೂ ನೆರಳಿನಲ್ಲಿ ಕೂತಿದ್ದರು. ನಾನು ಕೆಳಗೆ ಅಡುಗೆಮನೆಯಲ್ಲಿದ್ದೆ. ಅರ್ಧ ಒಣಗಿದ ಸಂಡಿಗೆಯನ್ನು ಕಿತ್ತು ತಿನ್ನದ ಮಗು ನಮ್ಮಲ್ಲಿ ಉಂಟೇ? ನಾನೂ ತಿಂದಿದ್ದೇನೆ, ಓನರಮ್ಮನೂ ತಿಂದಿದ್ದಾರೆ. ಹಾಗಾಗಿ ಪುಟ್ಟಿ ಒಂದೊಂದೇ ಕಿತ್ತು ಬಾಯಿಗೆ ಹಾಕುತ್ತಿದ್ದರೆ ಅವರು ನೋಡಿಯೂ ನೋಡದಂತೆ ಸುಮ್ಮನಿದ್ದರು.

ಆದರೆ ಸಂಡಿಗೆಯ ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆಯಲ್ಲಿ ಸಂಡಿಗೆಯ ಸಾಲಿನ ಪಕ್ಕದಲ್ಲೇ ಅವರು ನಾಲ್ಕು ಹಳೇ ಬಿಲ್ಲೆಗಳನ್ನೂ ಬಿಸಿಲಿಗೆ ಇಟ್ಟಿದ್ದರು. ರಾಗಿ ಹೊಲ ಇದ್ದ ಕಾಲದಲ್ಲಿ ಅವರ ಯಜಮಾನರು ಟಾರ್ಚಿನ ಸೋತ ಶೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಉರಿಸುತ್ತಿದ್ದರಂತೆ. ಬಿಸಿಲು ಕುಡಿದರೆ ಶೆಲ್ಲಿಗೆ ಜೀವ ಬರುತ್ತದೆ ಅನ್ನುವುದು ನಮ್ಮಪ್ಪನೂ ನಂಬಿದ್ದ ಮಾತೇ. ಟಾರ್ಚಿನ ಶೆಲ್ಲಾದರೆ ಬೆರಳುದ್ದ, ಯಾವ ಮಗುವೂ ನುಂಗುವುದಿಲ್ಲ. ಇದು ಸಂಡಿಗೆಯಷ್ಟೇ ಅಗಲ.

ಹತ್ತಕ್ಕೆ ಇನ್ನೂ ಕಾಲು ಗಂಟೆಯಿತ್ತು. ತಂಗಿಯ ಫೋನ್ ಬರುವ ಮೊದಲು ಡಬ್ಬಿಯಲ್ಲಿದ್ದವನ್ನು ತೆಗೆದು ಇವನ್ನು ಹಾಕಿ ನೋಡೋಣ ಅಂತ ಬಿಲ್ಲೆ ಎತ್ತಿಕೊಳ್ಳಲು ಹೋದವರಿಗೆ ಸಿಕ್ಕಿದ್ದು ಮೂರು. ಮೆಟ್ಟಿಲ ಮೇಲೆ ದಡದಡ ಸದ್ದು ಕೇಳಿ ನಾನು ಹೊರಗೆ ಬಂದೆ. ಮಂಡಿ ನೋವಿನ ಹೆಂಗಸು ಪುಟ್ಟಿಯನ್ನು ಸೊಂಟದ ಮೇಲೆ ಹೊತ್ತು ಹೇಗೆ ಇಳಿದರೋ.

“ನಾಕ್ ಬಿಲ್ಲೆ ಮಡಗಿದ್ದೆ ಕಣವ್ವ, ಮೂರೇ ಅವೆ. ಮಗ ನುಂಗೈತೆ ಅನ್ನಿಸ್ತದೆ. ನನ್ನಿಂದ ತಪ್ಪಾಗೋಯ್ತು, ನಡಿ ಆಸ್ಪತ್ರೆಗೆ.”

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರು. ತಪ್ಪು ಗೊತ್ತಾಗಿ ಐದು ನಿಮಿಷವೂ ಆಗಿರಲಿಕ್ಕಿಲ್ಲ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ ಆ ಕಪ್ಪು ಚೌಕಟ್ಟು ಕಣ್ಣ ಮುಂದೆ ಬಂತು. ಆದರೂ ಬಾಯಿಂದ ಹೊರಟದ್ದೇನು ಗೊತ್ತೇ? ಕಾಗೆ ಎತ್ತಿಕೊಂಡು ಹೋಗಿರುತ್ತದೆ ಬಿಡಿ ಅಮ್ಮ, ಹೊಳೆಯೋದು ಕಂಡರೆ ಕಾಗೆ ಬಿಡುತ್ತದೆಯೇ, ಅಂದೆ. ನಿಜವಾಗಿಯೂ ಕಾಗೆಯೇ ಆಗಿರಲಿ ಅಂತ ಮನಸ್ಸು ಅಂಗಲಾಚುತ್ತಿತ್ತು. ಪುಟ್ಟಿಯನ್ನು ಕೇಳಿದೆ. ಅವಳು ಗಂಟಲು ಮುಟ್ಟಿಕೊಂಡು, “ಒಂದ್ ಸಂಡಿಗೆ ಗಟ್ಟಿ ಇತ್ತಮ್ಮ” ಅಂದಳು. ಅಯ್ಯೋ ದೇವರೇ! ಜಾರಿ ಹೋಗಲಿ ಅಂತ ಬಾಳೆಹಣ್ಣು ಸುಲಿದು ಬಾಯಿಗಿಟ್ಟೆ, ಅವಳು ನುಂಗಲಾರದೆ ಉಗಿದಳು. ಜೊಲ್ಲು ಗಲ್ಲದ ಮೇಲಿಂದ ಇಳಿಯತೊಡಗಿತು. ಓನರಮ್ಮ ನನ್ನ ಕೈಯಿಂದ ಹಣ್ಣು ಕಿತ್ತು ಬಿಸಾಡಿ, “ಕಾಗೆ ಅಂದ್ಕಂಡು ಕುಂತ್ರೆ ಮಗ ಓಯ್ತದೆ, ನಡಿಯವ್ವ!” ಅಂತ ಗದರಿದರು. ನಾವು ಗೇಟು ದಾಟುವಾಗ ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು, ಅವರ ತಂಗಿಯದೇ ಇರಬೇಕು.

ಆಟೋದಲ್ಲಿ ಯಲಹಂಕದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಎಕ್ಸ್‌ರೇಯಲ್ಲಿ ಪುಟ್ಟಿಯ ಎದೆಗೂಡಿನ ಮೇಲ್ಭಾಗದಲ್ಲಿ ಒಂದು ಬಿಳಿ ಚಂದ್ರ, ಅದರ ಅಂಚಿನೊಳಗೆ ಇನ್ನೊಂದು ಗೆರೆ. ನಾಣ್ಯವಾದರೆ ಒಳಗಿನ ಗೆರೆ ಇರುವುದಿಲ್ಲ, ಇದು ಬ್ಯಾಟರಿಯೇ, ಅನ್ನನಾಳದಲ್ಲಿ ಸಿಕ್ಕಿಕೊಂಡಿದೆ ಅಂದರು ಡಾಕ್ಟರು. ಹಳೇದು, ಖಾಲಿಯಾದದ್ದು ಅಂತ ನಾನು ತೊದಲಿದೆ. ಖಾಲಿಯಾದದ್ದರಲ್ಲೂ ಮಗುವಿನ ಒಳಗನ್ನು ಸುಡುವಷ್ಟು ಉಳಿದಿರುತ್ತದೆ, ಬಾಯಿಗೆ ಏನೂ ಹಾಕಬೇಡಿ, ವಾಂತಿ ಮಾಡಿಸಬೇಡಿ, ಎರಡು ಗಂಟೆಯೊಳಗೆ ತೆಗೆಯಬೇಕು, ಅದಕ್ಕೆ ಇಲ್ಲಿ ಸೌಕರ್ಯವಿಲ್ಲ, ಹೆಬ್ಬಾಳದ ಕಡೆ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ನುಂಗಿದ್ದು ಯಾವಾಗ, ಎಂಥಾ ಬ್ಯಾಟರಿ ಅಂತ ಕೇಳಿದರು. ಓನರಮ್ಮ ಡಾಕ್ಟರ ತುಟಿಯನ್ನೇ ದಿಟ್ಟಿಸುತ್ತಿದ್ದವರು ಸೆರಗಿನ ಗಂಟು ಬಿಚ್ಚಿ ಉಳಿದ ಮೂರು ಬಿಲ್ಲೆಗಳನ್ನು ಮೇಜಿನ ಮೇಲಿಟ್ಟರು. “ಇಂಥದ್ದೇ ಸಾಮಿ. ಒಂಬತ್ತೂವರೆಗೆ ನಾಕೂ ಇದ್ವು, ನಾನೇ ನೋಡಿದ್ದೆ” ಅಂದರು.

ಆಂಬುಲೆನ್ಸ್ ಬಳ್ಳಾರಿ ರಸ್ತೆಗೆ ಸೇರಿತು. ಕೊಡಿಗೇಹಳ್ಳಿ ಗೇಟಿನವರೆಗೆ ಹೇಗೋ ಬಂದೆವು. ಆಮೇಲೆ ಹೆಬ್ಬಾಳದ ಫ್ಲೈಓವರ್... ಮುಂದೆ ಬಸ್ಸು, ಪಕ್ಕದಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು, ಸೈರನ್ನು ಬಡಿದುಕೊಳ್ಳುತ್ತಲೇ ಇದೆ, ಗಾಡಿ ಮಾತ್ರ ಕದಲುತ್ತಿಲ್ಲ. ಅಷ್ಟು ಭಯ ನಾನು ಜನ್ಮದಲ್ಲಿ ಪಟ್ಟಿರಲಿಲ್ಲ. ಮಗಳು ಅಳುವುದನ್ನೂ ನಿಲ್ಲಿಸಿದ್ದಳು. ಜೊಲ್ಲಿನಲ್ಲಿ ಒಂದೆಳೆ ಕೆಂಪು ಕಂಡಿತು. ನಾನು ಒರೆಸಿದೆ, ಮತ್ತೆ ಬಂತು. ಅವಳ ಪುಟ್ಟ ಕುತ್ತಿಗೆಯನ್ನೇ ನೋಡುತ್ತ, ಈಗ ಸುಡುತ್ತಿದೆ, ಈಗ ಸುಡುತ್ತಿದೆ ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ಓನರಮ್ಮ ಅವಳ ಎರಡೂ ಪಾದಗಳನ್ನು ತಮ್ಮ ಅಂಗೈಯಲ್ಲಿ ಹಿಡಿದು ಕಣ್ಣುಮುಚ್ಚಿ ಕೂತಿದ್ದರು. ಹೊರಗಿನ ಸೈರನ್ನಾಗಲೀ ನನ್ನ ಬಿಕ್ಕಾಗಲೀ ಅವರಿಗೆ ಎಷ್ಟು ಕೇಳುತ್ತಿತ್ತೋ ಗೊತ್ತಿಲ್ಲ.

ತೆಗೆದರು. ಹನ್ನೊಂದೂಮುಕ್ಕಾಲಿಗೆ ಪುಟ್ಟಿಯನ್ನು ಮಲಗಿಸಿ, ಬಾಯೊಳಗಿಂದ ನಳಿಕೆ ಇಳಿಸಿ ತೆಗೆದರು. ಹೊರಗೆ ಬಂದ ಡಾಕ್ಟರು ಕರ್ರಗಾಗಿದ್ದ ಆ ಬಿಲ್ಲೆಯನ್ನು ತೋರಿಸಿದರು. ಒಳಗೆ ಗಾಯವಾಗಿದೆ, ಆದರೆ ತೂತು ಬಿದ್ದಿಲ್ಲ, ಬೇಗ ಬಂದಿರಿ, ಸಂಜೆವರೆಗೆ ಕಾದಿದ್ದರೆ ನನ್ನಿಂದ ಏನೂ ಹೇಳಲಾಗುತ್ತಿರಲಿಲ್ಲ ಅಂದರು. ಮೂಗಿನ ಕೊಳವೆಯಲ್ಲಿ ಆಹಾರ ಕೊಟ್ಟುಕೊಂಡು ಒಂಬತ್ತು ದಿನ ಇರಬೇಕಾಯಿತು.

ಜೀವ ಉಳಿಯಿತು ಅಂತ ಗೊತ್ತಾದ ಮೇಲೆ ನಾನು ಕೈಮುಗಿಯಬೇಕಿತ್ತು. ಬದಲಿಗೆ, ಸುದ್ದಿ ತಿಳಿದು ಓಡಿಬಂದಿದ್ದ ನನ್ನ ಗಂಡ, ಅವರ ಮಗ, ಕಾರಿಡಾರಿನಲ್ಲಿದ್ದ ಅಷ್ಟೂ ಜನರ ಎದುರು ಓನರಮ್ಮನ ಮೇಲೆ ಹರಿಹಾಯ್ದೆ. ತಿನ್ನೋ ಸಾಮಾನಿನ ಪಕ್ಕ ವಿಷ ಇಡ್ತಾರಾ, ನಿಮಗೆ ಬುದ್ಧಿ ಇಲ್ವಾ, ವಯಸ್ಸಾದ್ರೆ ಸಾಕಾ... ಇನ್ನೂ ಏನೇನೋ. ಬರೆಯಲು ನಾಚಿಕೆಯಾಗುತ್ತದೆ. ಅವತ್ತು ನಾನಂದ ಒಂದೊಂದು ಮಾತೂ ಯಾವ ಡಬ್ಬಿಯ ಸಹಾಯವಿಲ್ಲದೆ ಅವರಿಗೆ ಕೇಳಿಸಿತು. ಅವರು ಗೋಡೆಗೆ ಒರಗಿಕೊಂಡು ನಿಂತಿದ್ದರು.

“ನಂಗೆ ಗೊತ್ತಿರ್ಲಿಲ್ಲ ಕಣವ್ವ. ಗೊತ್ತಿದ್ರೆ ಮಡಗ್ತಿದ್ನಾ?”

ಈಗ ಹೇಳಿಬಿಡುತ್ತಾರೆ, ಆ ಹಾಳೆ ಓದಿದ್ದು ನೀನೇ ಅಲ್ಲವಾ, ನಾನು ಕೇಳಿದಾಗ ಏನಿಲ್ಲ ಅಂದೆಯಲ್ಲ ಅಂತ ಎಲ್ಲರ ಎದುರು ಕೇಳಿಬಿಡುತ್ತಾರೆ ಅಂತ ನಡುಗಿದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿದರು. ನೆನಪಾಗಿತ್ತೋ, ನೆನಪಾಗಿಯೂ ಬಿಟ್ಟರೋ... ಇವತ್ತಿಗೂ ನನಗೆ ತಿಳಿಯದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೊಸ ಭಯ ಹಿಡಿಯಿತು. ಓನರಮ್ಮನ ಸೊಸೆ ಒಂದು ದಿನ ಮೆಟ್ಟಿಲ ಬಳಿ ಸಿಕ್ಕಿ, “ಅದ್ರ ಜೊತೆ ಒಂದು ಪೇಪರ್ ಬಂದಿತ್ತಲ್ವಾ ಅಕ್ಕ? ಅದ್ರಲ್ಲಿ ಏನಾದ್ರೂ ಬರ್ದಿದ್ರಾ? ಹುಡುಕಿ ನೋಡ್ಬೇಕು” ಅಂದಳು. ಆ ಹಾಳೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಫೋನಿನ ಕೆಳಗೆ ಹಾಸಿದ ಕಸೂತಿ ಬಟ್ಟೆಯ ಅಡಿಯಲ್ಲಿ. ಮಾರನೇ ಬೆಳಿಗ್ಗೆ ಓನರಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಮೊಸರು ಕೇಳುವ ನೆಪದಲ್ಲಿ ಒಳಗೆ ಹೋಗಿ ಅದನ್ನು ತೆಗೆದು ಹರಿದೆ, ಚೂರುಗಳನ್ನು ತರಕಾರಿ ಸಿಪ್ಪೆಯೊಳಗೆ ಬೆರೆಸಿ ಕಸದ ಗಾಡಿಗೆ ಹಾಕಿದೆ. ಗಾಡಿ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದೆ.

ಓನರಮ್ಮ ಸೌಂಡ್ ಡಬ್ಬಿಯನ್ನು ಮತ್ತೆ ಮುಟ್ಟಲಿಲ್ಲ. ಒಳಗಿದ್ದ ಬಿಲ್ಲೆಗಳನ್ನು ಮಗನ ಕೈಲಿ ತೆಗೆಸಿ, ಖಾಲಿ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದರು. ಡಬ್ಬಿಯ ತಪ್ಪೇನೂ ಇರಲಿಲ್ಲ. ಮುಚ್ಚಳಕ್ಕೆ ಒಂದು ಟೇಪು ಅಂಟಿಸಿ, ಸೋತ ಬಿಲ್ಲೆಗಳನ್ನು ಮಗುವಿಗೆ ಎಟುಕದ ಕಡೆ ಇಟ್ಟು, ಧಾರಾಳವಾಗಿ ಬಳಸಬಹುದಿತ್ತು. ಅದನ್ನು ಹೇಳಬೇಕಾದವಳು ನಾನು. ಹೇಳಲು ಹೋದರೆ ಹಾಳೆಯ ಮಾತು ಬರುತ್ತದಲ್ಲ, ಸುಮ್ಮನಾದೆ. ತಂಗಿ ಹತ್ತಕ್ಕೆ ಫೋನ್ ಮಾಡುತ್ತಲೇ ಇದ್ದರು. ಇವರು ಎತ್ತಿ, ಸರಿಯಾಗಿ ಕೇಳಿಸದೆ, “ನಾನು ಚೆಂದಾಗಿವ್ನಿ, ಮಡಗ್ತೀನಿ” ಅಂದು ಇಟ್ಟುಬಿಡುವರು. ಸ್ವಲ್ಪ ದಿನಕ್ಕೆ ಫೋನ್ ಬರುವುದೂ ಕಡಿಮೆಯಾಯಿತು. ಪುಟ್ಟಿಯನ್ನು ಕಂಡರೆ ದೂರದಿಂದಲೇ ನಗುವರು, ಎತ್ತಿಕೊಳ್ಳುತ್ತಿರಲಿಲ್ಲ. ಆರು ತಿಂಗಳಿಗೆ ನಾವು ಮನೆ ಬದಲಾಯಿಸಿದೆವು.

ವಿದ್ಯಾರಣ್ಯಪುರಕ್ಕೆ ಬಂದು ಒಂದು ವರ್ಷವಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಏನು ಧೈರ್ಯ ಬಂತೋ, ಅವರ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಅವರೇ ಎತ್ತಿದರು. ಅವರಿಗೆ ಉಸಿರಾಡಲೂ ಬಿಡದೆ ಎಲ್ಲ ಹೇಳಿದೆ. ಆ ಕಪ್ಪು ಅಕ್ಷರದಲ್ಲಿ ಏನಿತ್ತು, ನಾನು ಓದಿಯೂ ಹೇಳದ್ದು, ಹಾಳೆ ಕದ್ದು ಹರಿದದ್ದು, ತಪ್ಪು ನಿಮ್ಮದಲ್ಲ ಅಮ್ಮ ನನ್ನದು ಅನ್ನುವುದು. ಹೇಳಿ ಮುಗಿಸಿ ಕಾದೆ.

“ಯಾರವ್ವ? ಕೇಳಾಕಿಲ್ಲ. ಗಟ್ಟಿಯಾಗಿ ಏಳು.”

ಪಕ್ಕದ ಕೋಣೆಯಲ್ಲಿ ನನ್ನ ಗಂಡ ಪೇಪರ್ ಓದುತ್ತಿದ್ದರು. ಅವರಿಗೂ ನಾನು ಯಾವತ್ತೂ ಹೇಳಿರಲಿಲ್ಲ. ಕಾರಿಡಾರಿನಲ್ಲಿ ಅಷ್ಟು ಜನರ ಎದುರು ಎತ್ತಿದ್ದ ದನಿ ಈಗ ಮೇಲೇಳಲಿಲ್ಲ. ಆಮೇಲೆ ಗಟ್ಟಿಯಾಗಿ, ನಾನು ಅಮ್ಮ, ಮೇಲ್ಮನೆ ಪುಟ್ಟಿ ಅಮ್ಮ, ಊಟ ಆಯ್ತಾ ಅಂತ ಕೇಳ್ದೆ ಅಷ್ಟೇ, ಅಂದೆ.

“ಆಯ್ತು ಕಣವ್ವ. ಮಗ ಚೆಂದಾಗೈತಾ?” ಅಂದರು. ಎರಡು ಸಲ ಕೇಳಿದರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದದ್ದೇ ತಡವಾಗಿ, ಹೋಗಿ ಮುಖ ನೋಡಲೂ ಆಗಲಿಲ್ಲ.

ನಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ, ಈ ಕಥೆ ಈಗಲೂ ಓನರಮ್ಮನ ಎಡವಟ್ಟು ಅಂತಲೇ ಓಡಾಡುತ್ತದೆ. ಕಳೆದ ವಾರ ಪಕ್ಕದ ತಾರಸಿಯ ಸಂಡಿಗೆ ಕಂಡ ದಿನವೇ ಸಂಜೆ ಪುಟ್ಟಿಯ ಗೆಳತಿಯೊಬ್ಬಳು ಆಡಲು ಬಂದಿದ್ದಳು. ನಾನು ಹಾಲು ಕೊಡಲು ಹೋದಾಗ ಮಗಳು ಅವಳಿಗೆ ಹೇಳುತ್ತಿದ್ದಳು, “ಗೊತ್ತಾ, ನಾನು ಚಿಕ್ಕೋಳಿದ್ದಾಗ ಒಂದು ಅಜ್ಜಿ ನಂಗೆ ಬ್ಯಾಟ್ರಿ ತಿನ್ನಿಸ್ಬಿಟ್ಟಿದ್ರು.” ಹಾಲಿನ ಲೋಟ ಅಲ್ಲೇ ಇಟ್ಟು ಹೊರಗೆ ಬಂದೆ. ಹುಡುಗಿ ಮನೆಗೆ ಹೋಗುವವರೆಗೂ ಕಾದು ಪುಟ್ಟಿಯನ್ನು ಹತ್ತಿರ ಕೂರಿಸಿಕೊಂಡೆ. ಎಂಟು ವರ್ಷದ ಮಗುವಿಗೆ ಹೆದರಿದೆ ಅಂದರೆ ಯಾರು ನಂಬುತ್ತಾರೆ? ಆ ಅಜ್ಜಿ ತಿನ್ನಿಸಲಿಲ್ಲ ಪುಟ್ಟಿ, ಅವರು ಮುಚ್ಚಿಡದೆ ಓಡಿಬಂದು ಹೇಳಿದ್ದಕ್ಕೇ ನೀನು ಉಳಿದೆ, ಹುಷಾರು ಅಂತ ಪೇಪರಿನಲ್ಲಿ ಬರೆದಿತ್ತು, ಅದನ್ನು ಓದಿ ಅವರಿಗೆ ಹೇಳದೆ ಹೋದವಳು ನಾನು ಅಂದೆ.

ಅವಳು ನನ್ನ ಕಡೆ ತಿರುಗಿ ಕೂತಳು.

“ಅಜ್ಜಿಗೆ ಸಾರಿ ಹೇಳಿದ್ಯಾ?”

“ಹೇಳ್ದೆ ಕಣೆ. ಅವ್ರಿಗೆ ಕೇಳಿಸ್ಲಿಲ್ಲ.”

“ಮತ್ತೆ ಜೋರಾಗಿ ಹೇಳ್ಬೇಕಿತ್ತಲ್ವಾಮ್ಮ?”

ಹೌದು ಅಂದೆ. ಹೇಳಬೇಕಿತ್ತು.